ಅರಳಿ ಎಲೆಯ ಜಾಲರಿ: ಗ್ಲಾಕೋಮಾದ ಚರಿತ್ರೆಯ ಕೆಲವು ಪುಟಗಳು

ಕಳೆದ ಬೇಸಿಗೆಯಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಗಳು ತುಂಬಿ ತುಳುಕುತ್ತಿದ್ದ ದಿನಗಳಲ್ಲಿ, ಅಲ್ಲಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. ಅವನಿಗೂ ಈಗ ಐವತ್ತು ದಾಟಿದೆ. "ಸಾರ್, ಕನ್ನಡಕ ಬದಲಾಯಿಸೋಣವೆಂದು ಹೋಗಿದ್ದೆ. ಕಣ್ಣಿನ ಡಾಕ್ಟರು ಗ್ಲಾಕೋಮಾ ಇರಬಹುದು ಅಂದರು. ಕಣ್ಣಿನೊಳಗಿನ ರಕ್ತನಾಳಗಳ ಚಿತ್ರ ತೆಗೆಸಿಕೊಂಡು ಬನ್ನಿ ಎಂದು ಬರೆದುಕೊಟ್ಟಿದ್ದಾರೆ. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆಯಲ್ಲ ಸಾರ್, ಇದೆಲ್ಲ ಬೇಕೇ?" ಎಂದು ಕೇಳಿದನು.

"ಬೇಕು, ನಾಳೆಯೇ ಹೋಗು" ಎಂದಷ್ಟೇ ಹೇಳಿದೆ. ಏಕೆ ಬೇಕು ಎಂಬುದನ್ನು ದೂರವಾಣಿಯಲ್ಲಿ ವಿವರಿಸಲು ನನ್ನಿಂದಾಗಲಿಲ್ಲ. ಆ ವಿವರಣೆಯಲ್ಲಿ ನಮ್ಮ ಮನೆಯ ಒಂದು ದುಃಖವಿದೆ, ನನ್ನದೇ ಒಂದು ಅಜ್ಞಾನವೂ ಇದೆ. ಆದ್ದರಿಂದ ಇಂದು ಅದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳೂ ಬಂಧುಗಳೂ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ. ಬಂಧುಗಳು ವಿಶೇಷವಾಗಿ ಓದಬೇಕು. ಅದರ ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಅಣ್ಣನ ಕಥೆ

ಮುಳಬಾಗಿಲು ತಾಲ್ಲೂಕಿನಲ್ಲಿ, ಆವಣಿ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಮ್ಮ ಊರು. ನನಗಿಂತ ಹದಿನಾಲ್ಕು ವರ್ಷ ಹಿರಿಯರಾದ ಅಣ್ಣನೇ ನನ್ನನ್ನು ಓದಿಸಿದವರು. ರಾಗಿ, ಹಿಪ್ಪುನೇರಳೆ, ರೇಷ್ಮೆಹುಳು, ಇವುಗಳ ನಡುವೆ ಅವರ ಜೀವನ ಸಾಗಿತ್ತು. 1970ರ ದಶಕದ ಆರಂಭದಲ್ಲಿ ಅವರ ನಡೆನುಡಿಯಲ್ಲಿ ಒಂದು ವಿಚಿತ್ರವನ್ನು ನಾವೆಲ್ಲ ಗಮನಿಸಿದೆವು. ಜಗಲಿಯಲ್ಲಿ ಕುಳಿತು ಪಂಚಾಂಗದ ಅತಿ ಸಣ್ಣ ಅಕ್ಷರಗಳನ್ನು ನಿರಾಯಾಸವಾಗಿ ಓದುತ್ತಿದ್ದ ಮನುಷ್ಯ, ಎದ್ದು ಒಳಗೆ ಬರುವಾಗ ದಾರಿಯಲ್ಲಿದ್ದ ಬಿಂದಿಗೆಯನ್ನು ಎಡವುತ್ತಿದ್ದರು. ಪಕ್ಕದಿಂದ ಬಂದ ಹಸುವು ಮೈಗೆ ತಾಗುವವರೆಗೂ ಅವರಿಗೆ ತಿಳಿಯುತ್ತಿರಲಿಲ್ಲ. "ಮನಸ್ಸು ಎಲ್ಲಿಟ್ಟುಕೊಂಡು ನಡೆಯುತ್ತೀರೋ" ಎಂದು ಅತ್ತಿಗೆ ಗೊಣಗುತ್ತಿದ್ದರು. ಅಷ್ಟು ಸಣ್ಣ ಅಕ್ಷರ ಓದುವವರಿಗೆ ಕಣ್ಣಿನ ದೋಷವಿದೆಯೆಂದು ಯಾರು ತಾನೇ ಭಾವಿಸಿಯಾರು?

1976ರಲ್ಲಿ ಸಮೀಪದ ಶಾಲೆಯೊಂದರಲ್ಲಿ ಉಚಿತ ನೇತ್ರ ಚಿಕಿತ್ಸಾ ಶಿಬಿರ ನಡೆಯಿತು. ಆ ಕಾಲದ ಶಿಬಿರಗಳ ಚಿತ್ರ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಬೆಂಚುಗಳನ್ನು ಜೋಡಿಸಿ ಮಾಡಿದ ಹಾಸಿಗೆಗಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿದ ವೃದ್ಧರು, ಬಾಗಿಲಲ್ಲಿ ಕಾಯುವ ಮನೆಮಂದಿ. ಬೀಳಗಿಯಲ್ಲಿ ಜನಿಸಿ, ಊರೂರು ಸುತ್ತಿ, ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದರೆಂದು ಪ್ರಸಿದ್ಧರಾದ ಡಾ. ಎಂ. ಸಿ. ಮೋದಿಯವರ (1916–2005) ಹೆಸರು ಕೇಳದ ಹಳ್ಳಿ ಆಗ ಕರ್ನಾಟಕದಲ್ಲಿ ವಿರಳ. ಅಂಥವರ ದೆಸೆಯಿಂದ ಕಣ್ಣು ಕಾಣದಿದ್ದರೆ ಅದು ಪೊರೆ, ಪೊರೆಯನ್ನು ತೆಗೆದರೆ ಮತ್ತೆ ಕಾಣುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬೇರೂರಿತ್ತು. ನಂಬಿಕೆ ಬಹುಮಟ್ಟಿಗೆ ಸರಿಯಾದದ್ದೇ. ಲಕ್ಷಾಂತರ ಜನ ಬೆಳಕು ಕಂಡದ್ದು ಅದರಿಂದಲೇ.

ನಮ್ಮ ಶಿಬಿರಕ್ಕೆ ಬಂದದ್ದು ಬೇರೊಂದು ತಂಡ. ಸಾಲು ಉದ್ದವಾಗಿತ್ತು. ಟಾರ್ಚು ಹಿಡಿದು ಅಣ್ಣನ ಕಣ್ಣನ್ನು ನೋಡಿದವರು, "ಸ್ವಲ್ಪ ಪೊರೆ ಇದೆ, ಇನ್ನೂ ಬಲಿತಿಲ್ಲ. ಬಲಿತ ಮೇಲೆ ಬನ್ನಿ" ಎಂದರು. ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದ ಅಂದಿನ ಪದ್ಧತಿಯಲ್ಲಿ ಪೊರೆ ಬಲಿಯುವವರೆಗೆ ಕಾಯುವುದು ವಾಡಿಕೆಯಾಗಿತ್ತು. ಮಾವಿನಕಾಯಿ ಬಲಿಯಲಿ ಎಂದು ಕಾಯುವ ಸೀಮೆಯವರಾದ ನಮಗೂ ಆ ಮಾತು ಸಹಜವಾಗಿಯೇ ಕೇಳಿಸಿತು. ಕಾದೆವು.

1981ರಲ್ಲಿ ಅಣ್ಣ ಹಗಲು ಹೊತ್ತಿನಲ್ಲೂ ಗೋಡೆ ಹಿಡಿದು ನಡೆಯುವಂತಾದಾಗ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಅಲ್ಲಿನ ಹಿರಿಯ ವೈದ್ಯರು ಕಣ್ಣಿಗೆ ಔಷಧಿ ಹಾಕಿ, ಪಾಪೆ ಅಗಲಿಸಿ, ಒಂದು ಪುಟ್ಟ ಉಪಕರಣದಿಂದ ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಪೊರೆ ಇರುವುದು ಅಲ್ಪ. ಕಣ್ಣು ಹೋಗುತ್ತಿರುವುದು ಹಿಂಬದಿಯ ನರ ಒಣಗುತ್ತಿರುವುದರಿಂದ. ಇದು ಗ್ಲಾಕೋಮಾ. ಉಳಿದದ್ದನ್ನು ಉಳಿಸಲು ಪ್ರಯತ್ನಿಸೋಣ. ಹೋದದ್ದು ಬರುವುದಿಲ್ಲ" ಎಂದರು. ಉಳಿದದ್ದು ಬಹಳ ಕಡಿಮೆಯಿತ್ತು. 1983ರ ಹೊತ್ತಿಗೆ ಅದೂ ಹೋಯಿತು. ಅಂದು ಊರಿಗೆ ಮರಳುವ ಬಸ್ಸಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು: "ಐದು ವರ್ಷ ಕಾದೆವಲ್ಲಪ್ಪ, ಏನಕ್ಕೆ ಕಾದೆವು?"

ನಾನು ವಿಜ್ಞಾನದ ಮೇಷ್ಟ್ರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಎಲ್ಲಿಗೆ ವರ್ಗವಾದರೂ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಪಾಠ ಮಾಡಿದವನು. ಕಾಗದದ ಮೇಲೆ ಒಂದು ಕತ್ತರಿ ಗುರುತು, ಒಂದು ಚುಕ್ಕೆ ಬರೆದು, ಒಂದು ಕಣ್ಣು ಮುಚ್ಚಿ ಕಾಗದವನ್ನು ಹಿಂದೆ ಮುಂದೆ ಸರಿಸಿದರೆ ಚುಕ್ಕೆ ಮಾಯವಾಗುವ ಅಂಧಬಿಂದುವಿನ ಪ್ರಯೋಗ ನಿಮಗೆ ನೆನಪಿರಬೇಕು. ಚುಕ್ಕೆ ಮಾಯವಾದಾಗ ಆ ಜಾಗದಲ್ಲಿ ಕಪ್ಪು ಕಲೆ ಕಾಣುವುದಿಲ್ಲ, ಬರಿಯ ಬಿಳಿ ಕಾಗದವೇ ಕಾಣುತ್ತದೆ. ಇಲ್ಲದ ಭಾಗವನ್ನು ಮಿದುಳು ಸುತ್ತಲಿನದರಿಂದ ತುಂಬಿಕೊಳ್ಳುತ್ತದೆ. ಗ್ಲಾಕೋಮಾದಲ್ಲಿ ನಡೆಯುವುದೂ ಅದೇ. ಕಾಣದ ಭಾಗ ಕತ್ತಲೆಯಾಗಿ ತೋರುವುದಿಲ್ಲ; ಅಲ್ಲಿದ್ದ ಬಿಂದಿಗೆ ಸುಮ್ಮನೆ ಇಲ್ಲವಾಗುತ್ತದೆ. ಈ ಪ್ರಯೋಗವನ್ನು ನೂರಾರು ಮಕ್ಕಳಿಗೆ ತೋರಿಸಿದ ನನಗೆ ನನ್ನ ಮನೆಯಲ್ಲಿ ನಡೆಯುತ್ತಿದ್ದುದು ಅರ್ಥವಾಗಲಿಲ್ಲ. ಈ ನೋವು ಇಂದಿಗೂ ಹೋಗಿಲ್ಲ.

ಹೆಸರಿಲ್ಲದ ಕಾಯಿಲೆ

ನಮ್ಮ ಆಡುಮಾತಿನಲ್ಲಿ ಪೊರೆಗೆ ಹೆಸರಿದೆ, ಇರುಳುಗಣ್ಣಿಗೆ ಹೆಸರಿದೆ, ಮೆಳ್ಳಗಣ್ಣಿಗೂ ಇದೆ. ಈ ಕಾಯಿಲೆಗೆ ನಮ್ಮೂರ ಕಡೆ ಹೆಸರಿದ್ದುದನ್ನು ನಾನು ಕೇಳಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಸ್ವಚ್ಛ. ಕಾಣದ ಕಳ್ಳನಿಗೆ ಹೆಸರಿಡುವುದು ಹೇಗೆ? ಥಟ್ಟನೆ ಒತ್ತಡವೇರಿ ತಲೆಸಿಡಿತ, ವಾಂತಿಗಳೊಡನೆ ಬರುವ ಇದರ ಇನ್ನೊಂದು ರೂಪವನ್ನು ಮಾತ್ರ ಪ್ರಾಚೀನರು ಬಲ್ಲವರಾಗಿದ್ದರು. ಸುಶ್ರುತನು ಹೇಳಿದ 'ಅಧಿಮಂಥ', ಎಂದರೆ ಕಣ್ಣನ್ನು ಕಡೆಗೋಲಿನಿಂದ ಕಡೆದಂತೆ ನೋಯುವುದು, ಅದೇ ಇರಬೇಕೆಂದು ಹಲವರ ಅಭಿಪ್ರಾಯ. ಗ್ರೀಕರು ಪಾಪೆಯ ನೀಲಿಹಸಿರು ಛಾಯೆಯನ್ನು ಕಂಡು 'ಗ್ಲಾಕೋಸ್' ಎಂಬ ಪದದಿಂದ ಹೆಸರಿಟ್ಟರು. ಸದ್ದಿಲ್ಲದೆ ಬರುವ ರೂಪ ತಿಳಿಯಬೇಕಾದರೆ ಮನುಷ್ಯನು ಜೀವಂತ ಕಣ್ಣಿನ ಹಿಂಬದಿಯನ್ನು ನೋಡಬೇಕಾಗಿತ್ತು. ಅದಕ್ಕೆ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಕಾಯಬೇಕಾಯಿತು.

ಪಾಠಕ್ಕಾಗಿ ಹುಟ್ಟಿದ ಉಪಕರಣ

ಮೇಷ್ಟ್ರಾದ ನನಗೆ ಬಹಳ ಪ್ರಿಯವಾದ ಪ್ರಸಂಗವಿದು. 1850ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಎಂಬ ಶರೀರಶಾಸ್ತ್ರದ ಅಧ್ಯಾಪಕರು, ಕಣ್ಣಿನೊಳಗೆ ಹೋದ ಬೆಳಕು ಹೊರಬರುವ ಬಗೆಯನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಹಾಗೆ ಯೋಚಿಸುತ್ತಿರುವಾಗಲೇ ಗಾಜಿನ ಪಟ್ಟಿಗಳನ್ನು ಜೋಡಿಸಿ ಆಫ್ತಾಲ್ಮೋಸ್ಕೋಪ್ ಎಂಬ ಪುಟ್ಟ ನೇತ್ರದರ್ಶಕವನ್ನು ಕಟ್ಟಿದರು. 1851ರಲ್ಲಿ ಅದರ ವಿವರ ಪ್ರಕಟವಾಯಿತು. 1981ರಲ್ಲಿ ನಮ್ಮ ಅಣ್ಣನ ಕಣ್ಣನ್ನು ನೋಡಿದ ಉಪಕರಣ ಅದೇ ವಂಶದ್ದು.

ಮನುಷ್ಯನ ದೇಹದಲ್ಲಿ ಚರ್ಮವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ, ಇಷ್ಟು ಸ್ಪಷ್ಟವಾಗಿ ನೋಡಬಹುದಾದ ಸ್ಥಳ ಅಕ್ಷಿಪಟಲ. ಅದರ ಒಂದು ಬದಿಯಲ್ಲಿ ನಸುಗೆಂಪಿನ ದುಂಡು ಬಿಲ್ಲೆಯೊಂದಿದೆ. ನೋಟದ ಸುದ್ದಿಯನ್ನು ಮಿದುಳಿಗೆ ಒಯ್ಯುವ ಸುಮಾರು 10ರಿಂದ 12 ಲಕ್ಷ ನರತಂತುಗಳು ಅಲ್ಲಿ ಒಟ್ಟುಗೂಡಿ, ಒಂದು ಹಗ್ಗವಾಗಿ ಹೊರಡುತ್ತವೆ. ಅಕ್ಷಿಪಟಲದ ರಕ್ತನಾಳಗಳು ಒಳಬರುವುದೂ ಆ ಬಾಗಿಲಿನಿಂದಲೇ. ಪಾಠದ ಅಂಧಬಿಂದುವೂ ಅದೇ. ಗ್ಲಾಕೋಮಾದಲ್ಲಿ ಈ ಬಿಲ್ಲೆಯ ನಡುವೆ ಬಟ್ಟಲಿನಂಥ ಕುಳಿ ದೊಡ್ಡದಾಗುತ್ತ ಹೋಗುತ್ತದೆ. ಸಾಯುವ ನರತಂತುಗಳ ಜಾಗ ಬರಿದಾಗುತ್ತದೆ.

ಮೊದಲು ನೋಡಿದವರೇ ಮೋಸಹೋದರು. ಒಂದೇ ಕಣ್ಣಿನಿಂದ ಇಣುಕುವ ಆ ಉಪಕರಣದಲ್ಲಿ ಆಳ ತಿಳಿಯದು. 1854ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಅವರಿಗೂ ವಿಯೆನ್ನಾದ ಎಡುವರ್ಡ್ ಯೇಗರ್ ಅವರಿಗೂ ಕುಳಿಯು ಉಬ್ಬಿನಂತೆ ಕಂಡಿತು. ಬಿಲ್ಲೆಯ ಅಂಚಿನಲ್ಲಿ ರಕ್ತನಾಳಗಳು ಥಟ್ಟನೆ ಬಾಗಿ ಇಳಿಯುವ ಬಗೆಯನ್ನು ಸರಿಯಾಗಿ ಅರ್ಥಮಾಡಿಕೊಂಡಾಗ ಮಾತ್ರ ಅದು ಹಳ್ಳವೆಂದು ಸ್ಪಷ್ಟವಾಯಿತು. ಗ್ರೇಫೆಯವರು ತಪ್ಪನ್ನು ತಿದ್ದಿಕೊಂಡು, 1857ರಲ್ಲಿ ಥಟ್ಟನೆ ಬರುವ ಗ್ಲಾಕೋಮಾಕ್ಕೆ ಕಣ್ಣಿನ ಬಣ್ಣದ ಪಟಲದ ಒಂದು ಚೂರನ್ನು ಕತ್ತರಿಸಿ ಒತ್ತಡವಿಳಿಸುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಅದುವರೆಗೆ ಅಸಾಧ್ಯವೆನಿಸಿದ್ದ ರೋಗಕ್ಕೆ ದೊರೆತ ಮೊದಲ ನಿಜವಾದ ಚಿಕಿತ್ಸೆ ಅದು.

1858ರ ಪ್ರಶ್ನೆ

ನರ ಸಾಯುವುದಾದರೂ ಏಕೆ? 1858ರಲ್ಲಿ ಇದಕ್ಕೆ ಎರಡು ಉತ್ತರಗಳು ಬಂದವು. ಹೈನ್ರಿಖ್ ಮ್ಯೂಲರ್ ಅವರು, ಕಣ್ಣಿನೊಳಗಿನ ಒತ್ತಡ ನರವನ್ನು ಹಿಂದಕ್ಕೆ ಒತ್ತಿ ಜಜ್ಜುತ್ತದೆ ಎಂದರು. ಯೇಗರ್ ಅವರು, ನರಕ್ಕೆ ಆಹಾರ ಒಯ್ಯುವ ರಕ್ತನಾಳಗಳೇ ಸೊರಗುತ್ತವೆ ಎಂದರು. ಗಿಡ ಬಾಡಿದ್ದು ಯಾರೋ ತುಳಿದದ್ದರಿಂದಲೋ, ಕಾಲುವೆಯಲ್ಲಿ ನೀರು ಬತ್ತಿದ್ದರಿಂದಲೋ ಎಂಬಂಥ ಜಗಳವಿದು.

ಬಹುಕಾಲ ಮೊದಲ ಉತ್ತರವೇ ಗೆದ್ದಿತು. ಒತ್ತಡವನ್ನು ಅಳೆಯಬಹುದಾಗಿತ್ತು, ಇಳಿಸಬಹುದಾಗಿತ್ತು ಎಂಬುದೇ ಅದಕ್ಕೆ ಕಾರಣ. ಸ್ಟ್ರಾಸ್‌ಬರ್ಗಿನ ಲುಡ್ವಿಗ್ ಲಾಕ್ವೆರ್ ಅವರು 1876ರಲ್ಲಿ ಆಫ್ರಿಕದ ಒಂದು ಬಗೆಯ ಅವರೆಯಂಥ ಬೀಜದಿಂದ ತೆಗೆದ ಔಷಧಿಯ ಹನಿಯನ್ನು ಬಳಕೆಗೆ ತಂದರು. ಸ್ವತಃ ಗ್ಲಾಕೋಮಾ ರೋಗಿಯಾಗಿದ್ದ ಅವರು ತಮ್ಮ ಕಣ್ಣಿಗೇ ಅದನ್ನು ಹಾಕಿಕೊಂಡವರು. ಮರುವರ್ಷ ಪೈಲೋಕಾರ್ಪಿನ್ ಹನಿ ಬಂದಿತು. 1905ರಲ್ಲಿ ನಾರ್ವೆಯ ಶಿಯೋಟ್ಸ್ ಅವರ ಒತ್ತಡಮಾಪಕ ಬಂದಿತು. 1889ರಲ್ಲಿ ಕೋಪನ್‌ಹೇಗನ್ನಿನ ಯಾನಿಕ್ ಬ್ಯೆರುಮ್ ಅವರು ತಮ್ಮ ಕೊಠಡಿಯ ಬಾಗಿಲಿನ ಹಿಂಬದಿಯನ್ನೇ ಪರದೆಯಾಗಿಸಿ, ರೋಗಿಯ ನೋಟದ ಬಯಲಿನಲ್ಲಿ ಎಲ್ಲೆಲ್ಲಿ ತೂತು ಬಿದ್ದಿದೆ ಎಂದು ಗುರುತಿಸಿದರು. ಇಂದು ಗುಂಡಿ ಹಿಡಿದು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತುವ ಪರೀಕ್ಷೆಯ ಮೂಲ ಆ ಬಾಗಿಲು.

ಈ ಚರಿತ್ರೆ ನಮ್ಮ ನೆರೆಹೊರೆಯಲ್ಲೂ ನಡೆದಿದೆ. 1819ರಲ್ಲಿ ಆರಂಭವಾದ ಮದರಾಸಿನ ಕಣ್ಣಾಸ್ಪತ್ರೆ ಜಗತ್ತಿನ ಅತ್ಯಂತ ಹಳೆಯ ನೇತ್ರಾಲಯಗಳಲ್ಲೊಂದು. ಎಗ್ಮೋರಿನಲ್ಲಿದ್ದ ಆ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಅವರು 1909ರಲ್ಲಿ ಕಣ್ಣಿನ ಬಿಳಿಗೋಡೆಗೆ ಪುಟ್ಟ ದುಂಡು ರಂಧ್ರ ಕೊರೆದು ಒಳಗಿನ ದ್ರವ ನಿಧಾನವಾಗಿ ಸೋರಿಹೋಗುವಂತೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅದು ಜಗತ್ತಿನಾದ್ಯಂತ ಹೆಸರಾಯಿತು. 1864ರಿಂದಲೇ ಮದರಾಸಿಗೂ ಬೆಂಗಳೂರಿಗೂ ನಡುವೆ, ನಮ್ಮ ಬಂಗಾರಪೇಟೆ ಮತ್ತು ಮಾಲೂರುಗಳ ಮಾರ್ಗವಾಗಿ ರೈಲು ಓಡುತ್ತಿತ್ತು. ಪಶ್ಚಿಮಕ್ಕೆ ಹೋದರೆ, 1896ರಲ್ಲಿ ಚಿಕ್ಕದಾಗಿ ಹುಟ್ಟಿ, 1913ರಲ್ಲಿ ಇಂದಿನ ಭವ್ಯ ಕಟ್ಟಡಕ್ಕೆ ಬಂದ ಬೆಂಗಳೂರಿನ ಮಿಂಟೋ ಆಸ್ಪತ್ರೆ. ಎರಡು ದೊಡ್ಡ ಕಣ್ಣಾಸ್ಪತ್ರೆಗಳ ನಡುವಿನ ರೈಲುದಾರಿಯಲ್ಲೇ ನಮ್ಮ ಜಿಲ್ಲೆ ಇತ್ತು. ಆದರೂ ರೋಗವೆಂದು ತಿಳಿಯದವನು ಯಾವ ರೈಲನ್ನು ತಾನೇ ಹತ್ತಿಯಾನು?

ಮುಂದೆ 1978ರಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರೋಸ್ಟ್ ಹನಿಗಳು ಅಮೆರಿಕದಲ್ಲಿ ಬಳಕೆಗೆ ಬಂದು ಎಲ್ಲೆಡೆ ಹರಡಿದವು. ಒತ್ತಡವಿಳಿಸಿದರೆ ನರದ ಸಾವು ನಿಧಾನವಾಗುತ್ತದೆ ಎಂಬುದು ನಿಸ್ಸಂದೇಹವಾಗಿ ಸಿದ್ಧವಾಯಿತು. ಮ್ಯೂಲರ್ ಗೆದ್ದರೆಂದೇ ತೋರಿತು. ಆದರೆ ಒತ್ತಡವು ವಾಡಿಕೆಯ ಮಿತಿಯಾದ 21ರೊಳಗೆ ಇದ್ದರೂ ನರ ಸಾಯುತ್ತಿರುವ ರೋಗಿಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತಿದ್ದರು. 2000–2001ರಲ್ಲಿ ಜಪಾನಿನ ತಾಜಿಮಿ ಎಂಬ ಊರಿನಲ್ಲಿ ನಡೆದ ಅಧ್ಯಯನದಲ್ಲಿ, ಸದ್ದಿಲ್ಲದೆ ಬರುವ ಈ ಬಗೆಯ ಗ್ಲಾಕೋಮಾ ಇದ್ದವರ ಪೈಕಿ ನೂರಕ್ಕೆ 92 ಮಂದಿಯ ಒತ್ತಡ ಆ ಮಿತಿಯೊಳಗೇ ಇತ್ತು. ಹಾಗಾದರೆ ಒತ್ತಡವನ್ನು ಮಾತ್ರ ಅಳೆದು "ನಿಮಗೇನೂ ಇಲ್ಲ" ಎನ್ನುವುದು ಸಾಲದು. ಯೇಗರ್ ಅವರ ಬತ್ತಿದ ಕಾಲುವೆಯ ಮಾತನ್ನು ಮತ್ತೆ ಕಿವಿಗೊಟ್ಟು ಕೇಳಬೇಕಾಯಿತು. ಅದಕ್ಕೆ ಕಾಲುವೆಗಳನ್ನು ಕಾಣುವ ಉಪಾಯ ಬೇಕಾಗಿತ್ತು.

ಕಾಲುವೆಗಳ ಚಿತ್ರ

1960ರ ಹೊತ್ತಿಗೆ ಅಮೆರಿಕದ ಇಂಡಿಯಾನಾದಲ್ಲಿ ನೊವೊಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು ಒಂದು ಸಾಹಸ ಮಾಡಿದರು. ಫ್ಲೋರೆಸೀನ್ ಎಂಬ ಹೊಳೆಯುವ ಹಳದಿ ಬಣ್ಣವನ್ನು ಆಲ್ವಿಸ್ ಅವರ ತೋಳಿನ ರಕ್ತನಾಳಕ್ಕೆ ಚುಚ್ಚಿ, ಅದು ಅಕ್ಷಿಪಟಲದ ನಾಳಗಳಲ್ಲಿ ಹರಿಯುವುದನ್ನು ಛಾಯಾಚಿತ್ರದಲ್ಲಿ ಹಿಡಿದರು. 1961ರಲ್ಲಿ ಅದು ಪ್ರಕಟವಾಗಿ ನೇತ್ರವೈದ್ಯದ ದಿಕ್ಕನ್ನೇ ಬದಲಿಸಿತು. ಆದರೆ ಚುಚ್ಚುಮದ್ದು, ಕೆಲವರಿಗೆ ಓಕರಿಕೆ, ಅಪರೂಪಕ್ಕೆ ತೀವ್ರ ಒಗ್ಗದಿಕೆ ಇದ್ದುದರಿಂದ ಆರಾರು ತಿಂಗಳಿಗೊಮ್ಮೆ ಮಾಡಿಸಿಕೊಳ್ಳುವಂಥದ್ದಾಗಿರಲಿಲ್ಲ. ಬಿಲ್ಲೆಯ ಸುತ್ತಲಿನ ಅತಿ ಸೂಕ್ಷ್ಮ ನಾಳಗಳೂ ಅದರಲ್ಲಿ ಸ್ಪಷ್ಟವಾಗುತ್ತಿರಲಿಲ್ಲ.

1991ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಜ್ಞಾನಿಗಳು ಓಸಿಟಿ ಎಂಬ ಹೊಸ ವಿಧಾನವನ್ನು ಪ್ರಕಟಿಸಿದರು. ಶಬ್ದದ ಬದಲು ಬೆಳಕನ್ನು ಬಳಸುವ ಸ್ಕ್ಯಾನಿಂಗ್ ಎಂದು ತಿಳಿಯಿರಿ. ಅಕ್ಷಿಪಟಲದ ಪದರಗಳನ್ನು ಈರುಳ್ಳಿಯ ಪದರಗಳಂತೆ ಬಿಡಿಸಿ, ನರತಂತುಗಳ ಪದರ ಎಷ್ಟು ದಪ್ಪವಿದೆ ಎಂದು ಅಳೆಯಲು ಇದರಿಂದ ಸಾಧ್ಯವಾಯಿತು. 2012ರಲ್ಲಿ ಯಾಲಿ ಜಿಯಾ, ಡೇವಿಡ್ ಹುವಾಂಗ್ ಮತ್ತಿತರರು ಇದಕ್ಕೆ ಒಂದು ಜಾಣತನವನ್ನು ಸೇರಿಸಿದರು. ಒಂದೇ ಜಾಗವನ್ನು ಕ್ಷಣಾರ್ಧದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು. ನಿಂತ ಅಂಗಾಂಶ ಎಲ್ಲ ಚಿತ್ರಗಳಲ್ಲೂ ಒಂದೇ ರೀತಿ ಇರುತ್ತದೆ. ಚಲಿಸುವ ರಕ್ತಕಣಗಳಿರುವ ಕಡೆ ಮಾತ್ರ ಚಿತ್ರದಿಂದ ಚಿತ್ರಕ್ಕೆ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡರೆ ರಕ್ತನಾಳಗಳ ನಕ್ಷೆ ಸಿದ್ಧ. ಸೂಜಿಯಿಲ್ಲ, ಬಣ್ಣವಿಲ್ಲ, ಗಲ್ಲವನ್ನು ಪಟ್ಟಿಯ ಮೇಲಿಟ್ಟು ಒಂದು ಗುರುತನ್ನು ದಿಟ್ಟಿಸಿದರೆ ಮುಗಿಯಿತು. ಇದನ್ನು ಓಸಿಟಿ ಆಂಜಿಯೋಗ್ರಫಿ ಎನ್ನುತ್ತಾರೆ. ಶ್ರೀನಿವಾಸಪುರದ ನನ್ನ ವಿದ್ಯಾರ್ಥಿಗೆ ಬರೆದುಕೊಟ್ಟದ್ದು ಇದೇ.

ಈ ವಿಧಾನವನ್ನು ಗ್ಲಾಕೋಮಾದಲ್ಲಿ ಪರೀಕ್ಷಿಸಿ ನೋಡಿದ ಆರಂಭದ ಸಂಶೋಧನೆಗಳಲ್ಲಿ ಕೆಲವು ನಮ್ಮ ಬೆಂಗಳೂರಿನಲ್ಲೇ ನಡೆದವು ಎಂಬುದು ಹೆಮ್ಮೆಯ ವಿಷಯ. ಡಾ. ಭುಜಂಗ ಶೆಟ್ಟಿಯವರು (ಇವರು 2023ರಲ್ಲಿ ತೀರಿಕೊಂಡರು) ಕಟ್ಟಿದ ನಾರಾಯಣ ನೇತ್ರಾಲಯದಲ್ಲಿ ಡಾ. ಹರ್ಷ ರಾವ್, ಡಾ. ಜಿಯಾ ಪ್ರಧಾನ್ ಮತ್ತು ಸಂಗಡಿಗರು 2016ರಿಂದೀಚೆಗೆ ಈ ಬಗ್ಗೆ ಹಲವು ಪ್ರಬಂಧಗಳನ್ನು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಗ್ಲಾಕೋಮಾ ಇರುವ ಕಣ್ಣುಗಳಲ್ಲಿ ಬಿಲ್ಲೆಯ ಸುತ್ತಲಿನ ನಾಳಗಳ ಸಾಂದ್ರತೆ ಆರೋಗ್ಯವಂತರದಕ್ಕಿಂತ ಕಡಿಮೆ ಇರುವುದೂ, ಬಿಲ್ಲೆಯ ಕೆಳಹೊರ ಭಾಗದಲ್ಲಿ ಈ ಕೊರತೆ ವಿಶೇಷವಾಗಿ ಪ್ರಕಟವಾಗುವುದೂ ಕಂಡುಬಂದವು. ಬೇರೆ ದೇಶಗಳ ವೈದ್ಯರಿಗೂ ಇದೇ ಅನುಭವವಾಯಿತು. ರೋಗ ಬಲಿತ ಕಣ್ಣುಗಳಲ್ಲಿ ಇನ್ನೊಂದು ಉಪಯೋಗವಿದೆ. ನರಪದರ ಒಂದು ಮಿತಿಗಿಂತ ತೆಳುವಾದ ಮೇಲೆ ಅದರ ದಪ್ಪವನ್ನು ಅಳೆದು ಪ್ರಯೋಜನವಿಲ್ಲ, ಅಂಕಿ ಇಳಿಯುವುದೇ ನಿಂತುಹೋಗುತ್ತದೆ. ಆಗಲೂ ನಾಳಗಳ ಸಾಂದ್ರತೆಯ ಇಳಿಕೆಯನ್ನು ಗುರುತಿಸುತ್ತ ರೋಗದ ನಡೆಯನ್ನು ಕಾಯಬಹುದು.

ಹಾಗೆಂದು ಇದನ್ನು ಮಂತ್ರದಂಡವೆಂದು ಹೇಳಲಾರೆ. ರೋಗವನ್ನು ಗುರುತಿಸುವುದರಲ್ಲಿ ಇದು ಹಳೆಯ ದಪ್ಪದ ಅಳತೆಗೆ ಹೆಚ್ಚುಕಡಿಮೆ ಸಮಾನ, ಅದಕ್ಕಿಂತ ಬಹಳ ಮೇಲೇನೂ ಅಲ್ಲ. ಪೊರೆ ದಟ್ಟವಾಗಿದ್ದರೆ, ಕಣ್ಣು ಅಲುಗಿದರೆ ಚಿತ್ರ ಕೆಡುತ್ತದೆ. ಒಂದು ಯಂತ್ರದ ಅಂಕಿಯನ್ನು ಇನ್ನೊಂದು ಯಂತ್ರದ ಅಂಕಿಯೊಡನೆ ಹೋಲಿಸಬಾರದು. ವೈದ್ಯರು ಬಿಲ್ಲೆಯನ್ನು ಕಣ್ಣಾರೆ ನೋಡುವುದು, ಒತ್ತಡ ಅಳೆಯುವುದು, ನೋಟದ ಬಯಲಿನ ಪರೀಕ್ಷೆ, ಇವುಗಳ ಜೊತೆಗೆ ಇದೊಂದು ಸಾಕ್ಷಿ. ಇನ್ನು 1858ರ ಪ್ರಶ್ನೆ? ನಾಳಗಳು ಸೊರಗಿದ್ದರಿಂದ ನರ ಸತ್ತಿತೋ, ನರ ಸತ್ತದ್ದರಿಂದ ಬೇಡಿಕೆಯಿಲ್ಲದೆ ನಾಳಗಳು ಮುಚ್ಚಿಕೊಂಡವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಎರಡೂ ನಡೆಯುತ್ತಿರಬಹುದೆಂದು ಅನೇಕ ತಜ್ಞರು ಭಾವಿಸುತ್ತಾರೆ. ನೂರ ಅರವತ್ತು ವರ್ಷ ಮೀರಿದ ಜಗಳಕ್ಕೆ ಈಗ ಕನಿಷ್ಠ ಕಾಲುವೆಗಳ ನಕ್ಷೆಯಾದರೂ ದೊರೆತಿದೆ.

ನನ್ನ ಸರದಿ

2003ರಲ್ಲಿ ನಾನು ನಿವೃತ್ತನಾದೆ. ಮರುವರ್ಷ ಕನ್ನಡಕಕ್ಕಾಗಿ ಹೋದಾಗ ಪರೀಕ್ಷಿಸಿದ ತರುಣ ವೈದ್ಯೆ, "ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತೇ?" ಎಂದು ಕೇಳಿದರು. ಅಣ್ಣನ ವಿಷಯ ಹೇಳಿದೆ. ಅವರು ಕ್ಷಣಕಾಲ ಸುಮ್ಮನಿದ್ದು, "ಒಡಹುಟ್ಟಿದವರೆಲ್ಲರೂ ಆಗಲೇ ತೋರಿಸಿಕೊಳ್ಳಬೇಕಾಗಿತ್ತು ಸಾರ್" ಎಂದರು. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ನನಗೆ ತಿಳಿದದ್ದು ಅಂದು. ಎಡಗಣ್ಣಿನಲ್ಲಿ ರೋಗ ಆರಂಭವಾಗಿತ್ತು. ನನಗೆ ಏನೊಂದೂ ಗೊತ್ತಾಗಿರಲಿಲ್ಲ. ಅಂದಿನಿಂದ ಇಂದಿನವರೆಗೆ ರಾತ್ರಿ ಮಲಗುವ ಮುನ್ನ ಹನಿ ಹಾಕಿಕೊಳ್ಳುವುದು ನನಗೆ ಸಂಧ್ಯಾವಂದನೆಯಷ್ಟೇ ತಪ್ಪದ ನಿತ್ಯಕರ್ಮ.

2018ರಲ್ಲಿ ಮೊದಲ ಬಾರಿಗೆ ನನ್ನ ಕಣ್ಣಿನ ರಕ್ತನಾಳಗಳ ಚಿತ್ರ ತೆಗೆದರು. ವೈದ್ಯರು ಪರದೆಯನ್ನು ನನ್ನತ್ತ ತಿರುಗಿಸಿದಾಗ ನನಗೆ ನೆನಪಾದದ್ದು ನಿಮ್ಮೆಲ್ಲರ ಕೈಕೆಲಸ. ಅರಳಿ ಎಲೆಗಳನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಹಾಕಿ, ಕೊಳೆತ ಹಸಿರನ್ನು ಕುಂಚದಿಂದ ಮೆಲ್ಲನೆ ಉಜ್ಜಿ ತೆಗೆದು, ಉಳಿದ ನವಿರಾದ ಜಾಲರಿಯನ್ನು ಪುಸ್ತಕದ ನಡುವೆ ಒಣಗಿಸುತ್ತಿದ್ದೆವಲ್ಲ, ಅದೇ ಜಾಲರಿ! ಕಪ್ಪು ಪರದೆಯ ಮೇಲೆ ಬಿಲ್ಲೆಯ ಸುತ್ತ ಎಲೆಯ ನರಗಳಂತೆ ಹೆಣೆದ ಬೆಳ್ಳನೆಯ ಬಲೆ. ಬಲಗಣ್ಣಿನಲ್ಲಿ ಅದು ತುಂಬಿತ್ತು. ಎಡಗಣ್ಣಿನಲ್ಲಿ ಬಿಲ್ಲೆಯ ಕೆಳಭಾಗದಿಂದ ಹೊರಟ ಒಂದು ಕಪ್ಪು ತುಂಡು, ಎಲೆಯ ಆ ಭಾಗವನ್ನು ಹುಳು ತಿಂದಂತೆ. ಅಣ್ಣನ ಕಣ್ಣುಗಳಲ್ಲಿ ಎಲೆ ಪೂರ್ತಿ ಉದುರಿಹೋಗಿರಬೇಕು. ಅಂದು ಅದನ್ನು ಯಾರೂ ನೋಡಲಿಲ್ಲ. ಆ ಚಿತ್ರದ ಮುಂದೆ ಕುಳಿತು ಮುದುಕನಾದ ನಾನು ಕಣ್ಣೀರು ಹಾಕಿದ್ದನ್ನು ವೈದ್ಯರು ಕಂಡೂ ಕಾಣದಂತಿದ್ದರು. ಅಲ್ಲಿಂದೀಚೆಗೆ ತೆಗೆದ ಚಿತ್ರಗಳಲ್ಲಿ ಕಪ್ಪು ತುಂಡು ಬಹುಮಟ್ಟಿಗೆ ಅಷ್ಟೇ ಇದೆ. ಹನಿ ತನ್ನ ಕೆಲಸ ಮಾಡುತ್ತಿದೆ.

ನಮ್ಮ ಊರುಗಳಿಗೆ ಬೇಕಾದದ್ದು

2001ರಿಂದ 2004ರವರೆಗೆ ನಡೆದ ಚೆನ್ನೈ ಗ್ಲಾಕೋಮಾ ಅಧ್ಯಯನದ ಒಂದು ಅಂಶವನ್ನು ನಿಮ್ಮ ಮುಂದಿಡುತ್ತೇನೆ. ಗ್ರಾಮೀಣ ಭಾಗದಲ್ಲಿ ಈ ಸದ್ದಿಲ್ಲದ ಗ್ಲಾಕೋಮಾ ಇರುವುದೆಂದು ಪತ್ತೆಯಾದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿಗೆ ಅದುವರೆಗೆ ತಮಗೆ ರೋಗವಿರುವುದೇ ತಿಳಿದಿರಲಿಲ್ಲ. ಭಾರತದಲ್ಲಿ ನಲವತ್ತು ದಾಟಿದ ಗ್ಲಾಕೋಮಾ ರೋಗಿಗಳು ಸುಮಾರು 1 ಕೋಟಿ 12 ಲಕ್ಷ ಎಂದು 2010ರಲ್ಲಿ ಅಂದಾಜು ಮಾಡಲಾಗಿತ್ತು. ಅಣ್ಣನ ಕಥೆ ಅಪರೂಪದ್ದೇನೂ ಅಲ್ಲ ಎಂದಾಯಿತು.

ಅಂದಿಗೂ ಇಂದಿಗೂ ವ್ಯತ್ಯಾಸವಿದೆ. ಕೋಲಾರದಲ್ಲಿ ಜಿಲ್ಲಾಸ್ಪತ್ರೆಯಾದ ಎಸ್.ಎನ್.ಆರ್. ಇದೆ, 1986ರಲ್ಲಿ ಆರಂಭವಾದ ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಆರ್. ಎಲ್. ಜಾಲಪ್ಪ ಆಸ್ಪತ್ರೆ ಇವೆ. ರೋಗಿಯ ಬದಲು ಚಿತ್ರವೇ ಪ್ರಯಾಣ ಮಾಡುವ ಕಾಲವೂ ಬಂದಿದೆ. ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆ 'ತ್ರಿನೇತ್ರ' ಎಂಬ, ಎತ್ತಿ ಒಯ್ಯಬಹುದಾದ ಅಕ್ಷಿಪಟಲದ ಕ್ಯಾಮೆರಾವನ್ನು ರೂಪಿಸಿತು. ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ತರಬೇತಾದ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು, ಬೆಂಗಳೂರಿನ ತಜ್ಞರಿಗೆ ಕಳುಹಿಸಿ ಎಷ್ಟೋ ಕಂದಮ್ಮಗಳ ಕಣ್ಣು ಉಳಿಸಿದರು. ಅದು ಬೇರೆ ರೋಗ. ಆದರೆ ದಾರಿ ಅದೇ. ಕೂಸುಗಳಿಗೆ ಸಾಧ್ಯವಾದದ್ದು ಅಜ್ಜ ಅಜ್ಜಿಯರಿಗೂ ಸಾಧ್ಯವಾಗಬೇಕು. ಊರಿನ ಶಿಬಿರಗಳಲ್ಲಿ ಪೊರೆಗಾಗಿ ಬಂದ ಪ್ರತಿಯೊಬ್ಬರ ನರದ ಬಿಲ್ಲೆಯನ್ನೂ ಒಮ್ಮೆ ನೋಡುವ ಏರ್ಪಾಡಾಗಬೇಕು. ನಿಮ್ಮಲ್ಲಿ ಕೆಲವರು ಇಂದು ವೈದ್ಯರು, ಕೆಲವರು ಪಂಚಾಯಿತಿ ಸದಸ್ಯರು, ಶಿಬಿರಗಳನ್ನು ನಡೆಸುವ ಸಂಘಗಳ ಪದಾಧಿಕಾರಿಗಳು. ಈ ಮಾತನ್ನು ನಿಮಗಾಗಿಯೇ ಬರೆದಿದ್ದೇನೆ.

ಉಳಿದವರಿಗೆ ಮೇಷ್ಟ್ರ ಹಳೆಯ ಅಭ್ಯಾಸದಂತೆ ನಾಲ್ಕು ಮಾತು. ನಲವತ್ತು ದಾಟಿದವರು ಕನ್ನಡಕದ ಅಂಗಡಿಯ ನಂಬರಿಗಷ್ಟೇ ತೃಪ್ತರಾಗದೆ, "ನರವನ್ನೂ ನೋಡಿ" ಎಂದು ನೇತ್ರವೈದ್ಯರನ್ನು ಕೇಳಿರಿ. ಮನೆಯಲ್ಲಿ ಯಾರಿಗಾದರೂ ಈ ರೋಗವಿದ್ದರೆ ಒಡಹುಟ್ಟಿದವರೂ ಮಕ್ಕಳೂ ತಪ್ಪದೆ ತೋರಿಸಿಕೊಳ್ಳಿರಿ. ಕಣ್ಣು ತುರಿಸುತ್ತದೆಂದು ಔಷಧದಂಗಡಿಯಿಂದ ತಾವೇ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳಬೇಡಿರಿ. ಅದರಿಂದಲೇ ಒತ್ತಡ ಏರಿ ಕಣ್ಣು ಹೋಗಬಹುದು. ಹನಿ ಬರೆದುಕೊಟ್ಟರೆ ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ಬಿಡಬೇಡಿರಿ, ಉಬ್ಬಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ.

ಬಂಧುಗಳೇ, ಅಣ್ಣನ ಮಕ್ಕಳೂ ಮೊಮ್ಮಕ್ಕಳೂ ಇದನ್ನು ಓದುತ್ತೀರೆಂದು ಬಲ್ಲೆ. ನಿಮ್ಮಲ್ಲಿ ಇಬ್ಬರು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತು. ಯುಗಾದಿಗೆ ಊರಿಗೆ ಬರುವಾಗ ವೈದ್ಯರ ಚೀಟಿಯನ್ನು ತಂದು ಈ ಚಿಕ್ಕಪ್ಪನಿಗೆ ತೋರಿಸಿರಿ. ಅಂದು ಪೊರೆ ಬಲಿಯಲಿ ಎಂದು ನಾವು ಕಾದೆವು. ನೀವು ಕಾಯಬೇಡಿ.

ಶ್ರೀನಿವಾಸಪುರದ ಆ ವಿದ್ಯಾರ್ಥಿ ಪರೀಕ್ಷೆ ಮಾಡಿಸಿಕೊಂಡು ಬಂದನು. ರೋಗ ಇನ್ನೂ ಮೊದಲ ಹಂತದಲ್ಲಿದೆಯಂತೆ. ಹನಿ ಆರಂಭಿಸಿದ್ದಾನೆ. ಮಾವಿನ ಕಾಲ ಮುಗಿದ ಮೇಲೆ ತಮ್ಮನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗುತ್ತೇನೆ ಎಂದನು. "ಮಾವಿನ ಕಾಲ ಮುಗಿಯುವವರೆಗೆ ಏಕೆ?" ಎಂದು ಗದರಿಸಿದೆ. "ಆಗಲಿ ಸಾರ್, ಭಾನುವಾರವೇ" ಎಂದನು. ಎಲ್ಲರಿಗೂ ಶುಭವಾಗಲಿ.